ಮಗ್ಗ ನಿಂತ ಮೇಲೆ ಕೇಳುವ ಸಪ್ಪಳ

ನಾನು ಮದುವೆಯಾಗಿ ಬನಹಟ್ಟಿಗೆ ಬಂದ ಮರುದಿನ ಬೆಳಿಗ್ಗೆ ಎಚ್ಚರವಾದಾಗ ಮಂಚ ಮೆಲ್ಲಗೆ ನಡುಗುತ್ತಿತ್ತು. ಗೋಡೆಯ ಆಚೆ ಗಂಡನ ಮನೆಯ ಆರು ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಅರೆನಿದ್ದೆಯಲ್ಲಿ ನಾನು ರೈಲಿನಲ್ಲಿದ್ದೇನೆ, ರೈಲು ಒಂದು ಉದ್ದನೆಯ ಸೇತುವೆ ದಾಟುತ್ತಿದೆ ಅಂದುಕೊಂಡೆ. ಇನ್ನೇನು ಆಚೆಯ ದಡ ಬರುತ್ತದೆ, ಸಪ್ಪಳ ತಗ್ಗುತ್ತದೆ ಅಂತ ಕಣ್ಣುಮುಚ್ಚಿ ಕಾದೆ. ದಡ ಬರಲಿಲ್ಲ. ಸಂಜೆಯವರೆಗೂ ಬರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬೀಳಗಿಯಲ್ಲಿ. ಅಪ್ಪ ಸರಕಾರಿ ಗುಮಾಸ್ತರು. ನಮ್ಮ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಗಡಿಯಾರದ ಸಪ್ಪಳ ಹಿತ್ತಲಿಗೂ ಕೇಳುತ್ತಿತ್ತು. ಅಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಅವರಿಗೆ ಸಿಟ್ಟು ಬಂದಿದೆ ಎಂದೇ ಅರ್ಥ. ಆ ಲೆಕ್ಕದಲ್ಲಿ ನೋಡಿದರೆ ಬನಹಟ್ಟಿಯ ಅತ್ತೆಗೆ ಮೊದಲ ದಿನದಿಂದಲೇ ನನ್ನ ಮೇಲೆ ಸಿಟ್ಟು. ರೊಟ್ಟಿಗೆ ಹಿಟ್ಟು ನಾದು ಅನ್ನುವುದನ್ನೂ, ಸ್ನಾನಕ್ಕೆ ನೀರು ಕಾದಿದೆ ಅನ್ನುವುದನ್ನೂ, ನಿನ್ನ ಸೀರೆ ಚೆನ್ನಾಗಿದೆ ಅನ್ನುವುದನ್ನೂ ಅವರು ಓಣಿಯ ಆ ತುದಿಗೆ ಕೇಳುವಂತೆ ಹೇಳುತ್ತಿದ್ದರು. ನಾನು ಏನಾದರೂ ಕೇಳಿದರೆ ಉತ್ತರ ಕೊಡದೆ ಎದ್ದು ಹೋಗಿಬಿಡುತ್ತಿದ್ದರು. ಹಿಂದಿನಿಂದ ಎರಡು ಸಲ ಕರೆದರೂ ತಿರುಗುತ್ತಿರಲಿಲ್ಲ. ಮೊದಲ ವರ್ಷ ಬಚ್ಚಲಲ್ಲಿ ನಿಂತು ಎಷ್ಟು ಸಲ ಅತ್ತಿದ್ದೇನೋ ನೆನಪಿಲ್ಲ. ಎರಡನೆಯ ವರ್ಷದಿಂದ ಅಳು ನಿಂತಿತು, ಮಾತೂ ಕಡಿಮೆಯಾಯಿತು. ಒಂದೇ ಒಲೆಯ ಮುಂದೆ ಕುಳಿತು, ಒಂದೇ ಪರಾತದಲ್ಲಿ ಹಿಟ್ಟು ನಾದಿ, ನಾವಿಬ್ಬರೂ ಬೇರೆ ಬೇರೆ ಊರಿನವರಂತೆ ಬದುಕಿದೆವು. ಅದೇ ರೂಢಿಯಾಗಿ ಹದಿನಾಲ್ಕು ವರ್ಷ ಕಳೆಯಿತು.

ಈ ನಡುವೆ ನನಗೆ ಜಮಖಂಡಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು. ಗೃಹವಿಜ್ಞಾನ ನನ್ನ ವಿಷಯ. ಕಸೂತಿ, ಉಪ್ಪಿನಕಾಯಿ ಕೆಡದಂತೆ ಇಡುವುದು, ಕೂಸಿನ ತೂಕ, ಗರ್ಭಿಣಿಯ ಊಟ. ಪಾಠ ಮಾಡಿ ಮಾಡಿ ನನಗೆ ಎಲ್ಲವೂ ಬಾಯಿಪಾಠವಾಗಿತ್ತು. ಬೆಳಿಗ್ಗೆ ಬನಹಟ್ಟಿಯಿಂದ ಬಸ್ಸು ಹತ್ತಿದರೆ ಮಗ್ಗದ ಸಪ್ಪಳ ಹಿಂದೆ ಬಿದ್ದು, ಎರಡೂ ಬದಿ ಕಬ್ಬಿನ ಹಸಿರು ತೇಲಿ ಬರುತ್ತಿತ್ತು. ಆ ಅರ್ಧ ತಾಸು ನನ್ನದು. ಕಿಟಕಿಗೆ ತಲೆಯಿಟ್ಟು, ಕಣ್ಣು ತೆರೆದೇ ನಿದ್ದೆ ಮಾಡುವ ಒಂದು ಬಗೆಯನ್ನು ನಾನು ಆ ದಾರಿಯಲ್ಲೇ ಕಲಿತೆ. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಬಸ್ಸು ನಿಂತಾಗ ಮಾತ್ರ ಈ ಲೋಕಕ್ಕೆ ಬರುತ್ತಿದ್ದೆ.

ಒಂದು ವರ್ಷ ನಮ್ಮ ವಿಷಯದ ಹೆಸರು ಬದಲಾಯಿತು. ಗೃಹವಿಜ್ಞಾನ ಹೋಗಿ ಮಾನವ ಪರಿಸರ ವಿಜ್ಞಾನ ಬಂತು. ಬಾಗಿಲಿನ ಮೇಲಿನ ಹಲಗೆ ಬದಲಾಯಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ನಮ್ಮನ್ನೆಲ್ಲ ಕರೆದು ಮೂರು ದಿನ ತರಬೇತಿ ಕೊಟ್ಟರು. ಪಾಠ ಮಾಡಿದ ಹಿರಿಯ ಪ್ರಾಧ್ಯಾಪಕಿ ಒಂದು ಮಾತು ಹೇಳಿದರು. ಇಷ್ಟು ದಿನ ನಾವು ಹುಡುಗಿಯರಿಗೆ ಮನೆಯನ್ನು ಹೇಗೆ ನಡೆಸಬೇಕೆಂದು ಕಲಿಸಿದೆವು, ಇನ್ನು ಮೇಲೆ ಮನೆ ಅವರನ್ನು ಏನು ಮಾಡುತ್ತಿದೆ ಎಂದು ಕೇಳಲು ಕಲಿಸಬೇಕು. ನಿಮ್ಮ ಊರಿನ ಒಂದು ಮನೆಯ ಆರೋಗ್ಯಕ್ಕೂ ಭೂಮಿಯ ಆ ಬದಿಯ ಒಂದು ಮನೆಯ ಆರೋಗ್ಯಕ್ಕೂ ಯಾವುದೋ ಎಳೆ ಇರುತ್ತದೆ, ಅದನ್ನು ಹುಡುಕಿ ಎಂದರು. ಆಮೇಲೆ ಒಂದೊಂದು ಕಾಲೇಜಿಗೆ ಪರದೇಶದ ಒಂದು ಕಾಲೇಜನ್ನು ಜೋಡಿ ಮಾಡಿಕೊಟ್ಟರು. ನಮಗೆ ಸಿಕ್ಕದ್ದು ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರು. ಅಲ್ಲಿ ಒಂದು ಕಾಲಕ್ಕೆ ಊರ ತುಂಬ ಹತ್ತಿಯ ಗಿರಣಿಗಳಿದ್ದವಂತೆ, ಈಗ ಒಂದೂ ಇಲ್ಲವಂತೆ. ಅಲ್ಲಿಯ ಅಧ್ಯಾಪಕಿಗೆ ನನ್ನಷ್ಟೇ ವಯಸ್ಸು. ಇಬ್ಬರೂ ನಮ್ಮ ನಮ್ಮ ಹುಡುಗಿಯರಿಂದ ಮನೆಯ ಯಾವುದಾದರೂ ಒಂದೇ ಸಂಗತಿಯನ್ನು ಪರೀಕ್ಷೆ ಮಾಡಿಸಿ, ಕೊನೆಗೆ ಕಂಪ್ಯೂಟರಿನ ಪರದೆಯ ಮೇಲೆ ಎದುರುಬದುರು ಕುಳಿತು ಮಾತಾಡುವುದು ಎಂದು ಗೊತ್ತಾಯಿತು.

ಯಾವ ಸಂಗತಿ ಆರಿಸೋಣ ಎಂದು ತರಗತಿಯಲ್ಲಿ ಕೇಳಿದೆ. ಮುಧೋಳದ ಕಡೆಯ ಹುಡುಗಿಯರು ಒಲೆಯ ಹೊಗೆ ಎಂದರು, ಮತ್ತೆ ಕೆಲವರು ಕುಡಿಯುವ ನೀರು ಎಂದರು. ರಬಕವಿಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಯಾವಾಗಲೂ ಕೊನೆಯ ಬೆಂಚಿನಲ್ಲಿ ಕೂಡುವವಳು, ಎದ್ದುನಿಂತು ಸಪ್ಪಳ ಎಂದಳು. ಉಳಿದವರು ನಕ್ಕರು. ಅವಳು ನಗಲಿಲ್ಲ. ತಮ್ಮ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ, ಮಾತಾಡಿದರೂ ಕೇಳುವುದಿಲ್ಲ ಎಂದಳು.

ಪರೀಕ್ಷೆ ಸರಳವಾಗಿತ್ತು. ಮನೆಯ ಹಿರಿಯ ಹೆಂಗಸಿನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರ ನಿಲ್ಲಬೇಕು. ಮಗ್ಗ, ಟೀವಿ ಯಾವುದೂ ನಡೆಯುತ್ತಿರಬಾರದು. ಮೆಲುದನಿಯಲ್ಲಿ ಹತ್ತು ತರಕಾರಿಗಳ ಹೆಸರು ಹೇಳಬೇಕು. ಅವರು ಯಾವುದನ್ನು ತಿರುಗಿ ಹೇಳುತ್ತಾರೋ ಅದನ್ನು ಬರೆದುಕೊಳ್ಳಬೇಕು. ಇದು ವೈದ್ಯರ ಪರೀಕ್ಷೆಯಲ್ಲ, ಬರೀ ಗಮನಿಸುವುದು ಎಂದು ಹೇಳಿಯೇ ಕಳಿಸಿದ್ದೆ.

ವಾರದ ಮೇಲೆ ಹುಡುಗಿಯರು ಹಾಳೆಗಳನ್ನು ತಂದರು. ಮುಧೋಳದ, ಸಮೀರವಾಡಿ ಕಡೆಯ ಹುಡುಗಿಯರ ಹಾಳೆಯಲ್ಲಿ ಹೆಚ್ಚುಕಡಿಮೆ ಎಲ್ಲ ತರಕಾರಿಗಳೂ ಇದ್ದವು. ಮಗ್ಗದ ಮನೆಗಳಿಂದ ಬಂದ ಹಾಳೆಗಳು ಬಹುಪಾಲು ಖಾಲಿ. ರಬಕವಿಯ ಹುಡುಗಿ ತನ್ನ ಹಾಳೆಯನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತಳು.

"ನಮ್ಮವ್ವಗ ಕುಕ್ಕರ್ ಸೀಟಿ ಕೇಳಂಗಿಲ್ರಿ ಮೇಡಂ" ಎಂದಳು. "ಉಗಿ ಮ್ಯಾಲ ಹಾರೂದು ನೋಡಿ ಎಣಸ್ತಾಳ್ರಿ. ನಾ ಇಷ್ಟು ದಿವಸ ಆಕಿ ನನ್ನ ಮಾತಿಗೆ ಬೆಲೆ ಕೊಡಂಗಿಲ್ಲ ಅಂತ ತಿಳ್ಕೊಂಡಿದ್ನಿರಿ."

ನಾನು ಅವಳ ಹಾಳೆಯನ್ನು ಕೈಗೆತ್ತಿಕೊಂಡೆ. ಹಾಳೆಗಳನ್ನು ಜೋಡಿಸಿ ಚೀಲದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಆ ದಿನ ದಾರಿಯಲ್ಲಿ ನನಗೆ ನಿದ್ದೆಯ ಮಂಪರು ಹತ್ತಲಿಲ್ಲ. ಹಳೆಯ ಒಂದೊಂದು ದಿನ ಎದ್ದು ಬಂದು, ಕಬ್ಬಿನ ಗರಿಯ ಮೇಲಿನ ಬಿಸಿಲಿನಂತೆ ಮಿನುಗಿ ಹೋಗುತ್ತಿತ್ತು. ಬಾಣಂತನಕ್ಕೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು "ಹೋಗಿ ಬರತೇನ್ರಿ" ಎಂದಿದ್ದೆ, ಅವರು ಬೆನ್ನು ತಿರುಗಿಸಿಕೊಂಡೇ ಇದ್ದರು. ಜ್ವರ ಬಂದು ಮಲಗಿದಾಗ ನೀರು ಕೇಳಿದ್ದೆ, ತರಲಿಲ್ಲ. ಇಂಥವನ್ನೆಲ್ಲ ನಾನು ಗಂಟು ಕಟ್ಟಿ ಇಟ್ಟುಕೊಂಡಿದ್ದೆ.

ಮಗ್ಗಕ್ಕೆ ಬಿಡುವಿದ್ದ ದಿನ ಬಂತು. ಅಂಥ ದಿನ ನಮ್ಮ ಮನೆ ನೀರಿನಡಿ ಇದ್ದಂತಿರುತ್ತದೆ. ಗಾಳಿಯಲ್ಲಿ ತೇಲುವ ಹತ್ತಿಯ ಧೂಳು ಕೂಡ ಕೆಳಗಿಳಿಯಲು ತಡಮಾಡುತ್ತದೆ. ಅತ್ತೆ ಪಡಸಾಲೆಯಲ್ಲಿ ಬಾಗಿಲಿನ ಬೆಳಕಿಗೆ ಮುಖಮಾಡಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು ಬದನೆಕಾಯಿ ಎಂದೆ. ಜೋಳದಲ್ಲಿ ಬೆರಳು ಆಡುತ್ತಲೇ ಇತ್ತು. ಸೌತೆಕಾಯಿ ಎಂದೆ. ಹೀರೆಕಾಯಿ, ಚವಳಿಕಾಯಿ, ಮೆಂತೆಪಲ್ಯ. ಹತ್ತೂ ಮುಗಿದವು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅದೇ ದನಿಯಲ್ಲಿ, ತರಕಾರಿಯ ಹೆಸರು ಹೇಳಿದಷ್ಟೇ ಮೆತ್ತಗೆ, ನಿಮ್ಮನ್ನು ಕಂಡರೆ ನನಗೆ ಭಯವಾಗುತ್ತಿತ್ತು ಎಂದೆ. ಆಮೇಲೆ ಸಿಟ್ಟು ಬರುತ್ತಿತ್ತು ಎಂದೆ. ನೀವು ರೊಟ್ಟಿಯ ಜೊತೆಗೆ ಕುಟ್ಟಿ ಮಾಡುವ ಶೇಂಗಾ ಹಿಂಡಿ ನನ್ನ ತಾಯಿಯ ಹಿಂಡಿಗಿಂತ ರುಚಿ, ಅದನ್ನು ನಾನು ಯಾರಿಗೂ ಹೇಳಿಲ್ಲ ಎಂದೆ. ಹದಿನಾಲ್ಕು ವರ್ಷದ್ದು ಎಷ್ಟೋ ಬಂತು. ಅವರ ಬೆಳ್ಳಗಾದ ತುರುಬು, ಬಿಸಿಲಿನಲ್ಲಿ ಮೊರದಿಂದ ಏಳುತ್ತಿದ್ದ ಹೊಟ್ಟು, ನನ್ನ ಮಾತು, ಮೂರೂ ಒಂದೇ ಹಗುರದಲ್ಲಿ ತೇಲುತ್ತಿದ್ದವು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ನನ್ನ ನೆರಳು ಅವರ ಬದಿಗೆ ಸರಿದಿರಬೇಕು, ಗಕ್ಕನೆ ತಿರುಗಿದರು.

"ಯಾಕ ಬೇ, ಕಳ್ಳರಂಗ ಹಿಂದ ನಿಂತೀದಿ?" ಎಂದು ಎಂದಿನ ದೊಡ್ಡ ದನಿಯಲ್ಲಿ ಕೇಳಿದರು. ನಾನು ಮೊಟ್ಟಮೊದಲ ಬಾರಿಗೆ ಆ ದನಿಯಲ್ಲಿ ಸಿಟ್ಟನ್ನು ಹುಡುಕಿದೆ. ಇರಲಿಲ್ಲ.

ಎದುರಿಗೆ ಕುಳಿತು, ಬಾಯಿ ಕಾಣುವಂತೆ, ಅವರಿಗೆ ಕಿವಿ ಮಂದವಾಗಿದೆ ಎಂದು ಬಿಡಿಸಿ ಹೇಳಿದೆ. ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

"ಗೊತ್ತೈತಿ. ಹೋಗಿ ಭಾಳ ವರ್ಸ ಆತು. ಈ ಓಣ್ಯಾಗ ಯಾರ ಕಿವಿ ಅದಾವ ಹೇಳು" ಎಂದು ಮತ್ತೆ ಜೋಳಕ್ಕೆ ಕೈಹಾಕಿದರು.

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳುವಂಥದ್ದೇನಿದೆ, ಎಲ್ಲರದೂ ಹಾಗೇ ಎಂದು ಅವರು ತಿಳಿದಿದ್ದರು. ಮದುವೆಯಾಗಿ ಬಂದಾಗಿನಿಂದ ಅವರು ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತಿದವರು, ಮಾವ ತೀರಿಕೊಂಡ ಮೇಲೆ ತಾವೇ ಎರಡು ಮಗ್ಗ ನಡೆಸಿದವರು. ಆ ಓಣಿಯ ಹೆಂಗಸರು ಸಪ್ಪಳದ ನಡುವೆ ಕೈಯಲ್ಲಿ, ತುಟಿಯಲ್ಲಿ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ನಾನು ನೋಡಿದ್ದೆ, ಆದರೆ ಅದನ್ನು ಮಾತು ಎಂದುಕೊಂಡಿರಲಿಲ್ಲ. ಅವರ ಪಾಲಿಗೆ ಬಾಯಿ ತೆರೆಯದೆ ಗೊಣಗುವ, ಮುಖ ಕೆಳಗೆ ಹಾಕಿ ಮಾತಾಡುವ ಸೊಸೆ ನಾನು. ಬೀಳಗಿಯ ಕಡೆಯವರು ಬಿಗುಮಾನದವರು ಎಂದು ನೆರೆಯವರ ಮುಂದೆ ಹೇಳುತ್ತಿದ್ದರಂತೆ.

ಪರದೆಯ ಮೇಲೆ ಇಂಗ್ಲೆಂಡಿನವರೊಡನೆ ಮಾತಾಡುವ ದಿನ ಅತ್ತೆಯನ್ನೂ ಕಾಲೇಜಿಗೆ ಕರೆದುಕೊಂಡು ಹೋದೆ. ಮೊದಲು ಬರಲೊಲ್ಲೆ ಎಂದರು. ಆಮೇಲೆ ತಾವೇ ನೇಯ್ದ ಕೆಂಪು ದಡಿಯ ಸೀರೆ ಉಟ್ಟು, ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದರು. ನಮಗೆ ಆಗ ಮಧ್ಯಾಹ್ನ ಮೂರೂವರೆ, ಅವರಿಗೆ ಬೆಳಿಗ್ಗೆ. ಪರದೆಯಲ್ಲಿ ಕಿಟಕಿಯಾಚೆ ಮಂಜು ಕಾಣುತ್ತಿತ್ತು, ನಮ್ಮ ಕಿಟಕಿಯಲ್ಲಿ ಬಿಸಿಲು. ಅಲ್ಲಿಯ ಅಧ್ಯಾಪಕಿ ತನ್ನ ಒಬ್ಬ ವಿದ್ಯಾರ್ಥಿನಿಯ ಅಜ್ಜಿಯನ್ನು ಕೂರಿಸಿಕೊಂಡಿದ್ದಳು. ಎಂಬತ್ತು ದಾಟಿದ ಮುದುಕಿ, ಹತ್ತಿಯಂಥ ಕೂದಲು, ನೀಲಿ ಸ್ವೆಟರು. ಹದಿನೈದನೆಯ ವಯಸ್ಸಿನಲ್ಲಿ ಗಿರಣಿಯ ಮಗ್ಗಕ್ಕೆ ನಿಂತವಳು.

ಮೊದಲು ಹುಡುಗಿಯರು ತಮ್ಮ ತಮ್ಮ ಹಾಳೆಗಳನ್ನು ಓದಿದರು. ಆಮೇಲೆ ನಮ್ಮ ರಬಕವಿಯ ಹುಡುಗಿ ಆ ಅಜ್ಜಿಗೆ, ಗಿರಣಿಯಲ್ಲಿ ಹೇಗೆ ಮಾತಾಡುತ್ತಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಜ್ಜಿ ಕುರ್ಚಿಯಲ್ಲಿ ಮುಂದೆ ಬಾಗಿದಳು. ದನಿಯಿಲ್ಲದೆ ತುಟಿಗಳನ್ನು ದೊಡ್ಡದಾಗಿ ಆಡಿಸಿ, ಎರಡು ಬೆರಳನ್ನು ಜೋಡಿಸಿ ಹಿಡಿದು ಪಟ್ಟನೆ ಬಿಡಿಸಿ ತೋರಿಸಿದಳು. ನಮ್ಮ ಹುಡುಗಿಯರಿಗೆ ಅರ್ಥವಾಗಲಿಲ್ಲ. ನನ್ನ ಪಕ್ಕದಲ್ಲಿದ್ದ ಅತ್ತೆ ಮಾತ್ರ, "ಎಳಿ ಹರದೈತಿ ಅನ್ನಾಕತ್ತಾಳ" ಎಂದರು.

ಎದ್ದು ಪರದೆಯ ಹತ್ತಿರ ಹೋದರು. ತಾವೂ ಎರಡು ಬೆರಳು ಜೋಡಿಸಿ ಬಿಡಿಸಿದರು. ಅಜ್ಜಿ ನಕ್ಕಳು. ಅತ್ತೆ ಭುಜದ ಮೇಲೆ ಕೈಯಿಟ್ಟು ಹುಬ್ಬು ಹಾರಿಸಿ, ನೂಲಿನ ಸಾಹುಕಾರ ಬರುತ್ತಿದ್ದಾನೆ ಎನ್ನುವ ಸನ್ನೆ ಮಾಡಿದರು. ಅದಕ್ಕೆ ಅಜ್ಜಿಯದು ಬೇರೆ ಸನ್ನೆ, ಆದರೂ ತಿಳಿಯಿತು. ಮಕ್ಕಳೆಷ್ಟು, ಗಂಡ ಇದ್ದಾನೋ, ಮೊಣಕಾಲು ನೋಯುತ್ತದೋ. ಒಬ್ಬರು ಕನ್ನಡದ ತುಟಿಯಲ್ಲಿ, ಇನ್ನೊಬ್ಬರು ಇಂಗ್ಲಿಷಿನ ತುಟಿಯಲ್ಲಿ, ಇಬ್ಬರಲ್ಲೂ ದನಿಯಿಲ್ಲ. ಕೈಗಳು ಮೀನುಗಳಂತೆ ಬಂದು ಹೋಗಿ ಮಾಡುತ್ತಿದ್ದವು. ಮೊದಲೆರಡು ಸಲ ನಾನು ನಡುವೆ ಬಾಯಿ ಹಾಕಿ ಅನುವಾದಿಸಲು ಹೋದೆ. ಆಮೇಲೆ ಪಕ್ಕಕ್ಕೆ ಸರಿದೆ. ಆ ಕೋಣೆಯಲ್ಲಿ ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ.

ಒಂದು ಮಾತು ಮಾತ್ರ ಸನ್ನೆಗೆ ಸಿಗಲಿಲ್ಲ. ಅಜ್ಜಿ ದನಿ ತೆಗೆದು, ನನ್ನನ್ನು ನೋಡಿ, ಇದನ್ನು ಅವರಿಗೆ ಕೇಳು ಎಂದಳು. ಮಗ್ಗ ನಿಂತ ಮೇಲೂ ನಿಮಗೆ ಸಪ್ಪಳ ಕೇಳುತ್ತದೆಯೇ, ಒಳಗಿನಿಂದ?

ನಾನು ಅತ್ತೆಯ ಎದುರಿಗೆ ಹೋಗಿ ಕನ್ನಡದಲ್ಲಿ ಕೇಳಿದೆ. ಅವರ ಮುಖ ಬದಲಾಯಿತು.

"ಆಕಿಗೂ ಕೇಳತೈತೇನು?" ಎಂದರು. ಅವರ ದನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಮ್ಮತ್ತಿ ಸತ್ತ ವರ್ಸದಿಂದ ಕೇಳಾಕ ಹತ್ತಿತ್ತು. ಸತ್ತವರು ಇನ್ನೂ ನೇಯಾಕತ್ತಾರ ಅಂತ ತಿಳ್ಕೊಂಡಿದ್ನಿ. ಯಾರ ಮುಂದೂ ಹೇಳಿಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಜ್ಜಿ ಹೌದೆಂದು ತಲೆಯಾಡಿಸಿ ಕಿವಿ ಮುಟ್ಟಿ ತೋರಿಸಿದಳು. ತನ್ನ ಜೊತೆ ಮಗ್ಗಕ್ಕೆ ನಿಂತವರೆಲ್ಲ ತೀರಿಕೊಂಡರು, ಗಿರಣಿ ಮುಚ್ಚಿದ ಮೇಲೆ ತುಟಿಯ ಮಾತು ತಿಳಿಯುವವರು ಊರಲ್ಲಿ ಉಳಿದಿಲ್ಲ, ಜನ ಸೇರಿದ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ ಎಂದಳು. ಇವತ್ತು ಎಷ್ಟೋ ವರ್ಷಗಳ ಮೇಲೆ ಮಾತಾಡಿದೆ ಎಂದಳು.

ಆಮೇಲಿನ ತರಗತಿಗಳಲ್ಲಿ ನಾವು ಇದನ್ನೇ ಮತ್ತೆ ಮತ್ತೆ ಎತ್ತಿಕೊಂಡೆವು. ಎರಡು ದೇಶದಲ್ಲಿ ಒಂದೇ ಕೆಲಸ, ಒಂದೇ ಪೆಟ್ಟು. ಆದರೆ ನಮ್ಮ ಓಣಿಯಲ್ಲಿ ಎಲ್ಲರೂ ಕಿವುಡರಾದ್ದರಿಂದ ಯಾರೂ ಒಂಟಿಯಾಗಿಲ್ಲ, ಆದ್ದರಿಂದಲೇ ಯಾರೂ ಅದನ್ನು ಕಾಯಿಲೆ ಎಂದು ಎಣಿಸಲಿಲ್ಲ. ಅಲ್ಲಿ ಆಸ್ಪತ್ರೆ, ಯಂತ್ರ ಎಲ್ಲ ಇದ್ದೂ ಆ ಅಜ್ಜಿಗೆ ಮಾತಿಗೆ ಜನ ಇಲ್ಲ. ಆರೋಗ್ಯ ಯಾರದು ಹೆಚ್ಚು ಎಂದು ಒಬ್ಬ ಹುಡುಗಿ ಕೇಳಿದಳು. ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದಿಟ್ಟೆ. ಆ ವರ್ಷದಿಂದ ಮೊದಲ ಸೆಮಿಸ್ಟರಿಗೆ ನಾನು ಉಪ್ಪಿನಕಾಯಿಗಿಂತ ಮುಂಚೆ ಕಿವಿಯ ಪಾಠ ಮಾಡುತ್ತೇನೆ. ಹುಡುಗಿಯರು ಬನಹಟ್ಟಿ, ರಬಕವಿಯ ಮಗ್ಗದ ಮನೆಗಳಿಗೆ ಹೋಗಿ ಕಿವಿಗೆ ಹಾಕುವ ಮೆತ್ತನೆಯ ಬಿರಡೆಗಳನ್ನು ಹಂಚಿದರು. ಗಂಡಸರು ನಕ್ಕರು, ಲಾಳಿ ತಪ್ಪಿದ್ದು ಕಿವಿಗೇ ಮೊದಲು ತಿಳಿಯುವುದು, ಕಿವಿ ಮುಚ್ಚಿಕೊಂಡು ನೇಯುವುದು ಹೇಗೆ ಎಂದರು. ಅದೂ ಸುಳ್ಳಲ್ಲ. ಕೆಲವರು ಹಾಕಿಕೊಂಡರು, ಹಲವರು ಬಿಟ್ಟರು. ನನ್ನ ಗಂಡ ಒಂದು ತಿಂಗಳು ಗೊಣಗಿ ಆಮೇಲೆ ಹಾಕಿಕೊಳ್ಳತೊಡಗಿದರು.

ಅತ್ತೆಯನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿ ಕಿವಿಯ ಪರೀಕ್ಷೆ ಮಾಡಿಸಿದೆವು. ಹೋದದ್ದು ತಿರುಗಿ ಬರುವುದಿಲ್ಲ, ಮಿಷಿನ್ ಹಾಕಿದರೆ ಮಾತು ತಿಳಿಯುತ್ತದೆ ಎಂದರು ಡಾಕ್ಟರು. ಒಳಗಿನ ಸಪ್ಪಳಕ್ಕೂ ಹೆಸರಿದೆ, ಅದು ಹಾನಿಗೊಂಡ ಕಿವಿಯದೇ ಆಟ ಎಂದರು. ಅತ್ತೆಗೆ ಅದನ್ನು ಎದುರು ಕುಳಿತು ಬಿಡಿಸಿ ಹೇಳಿದೆ, ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಮಿಷಿನ್ ಹಾಕಿದ ಮೊದಲ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ, ನೀರು ಬೇಕೇ ಎಂದು ಕೇಳಿದೆ. ಅವರು ನನ್ನ ಕಡೆ ತಿರುಗಿದರು.

"ನಿನ್ನ ದನಿ ಹಿಂಗ ಐತೇನು?" ಎಂದರು. "ನಾ ಬ್ಯಾರೆನ ಅನ್ಕೊಂಡಿದ್ನಿ."

"ಹ್ಯಾಂಗ ಅನ್ಕೊಂಡಿದ್ರಿ?"

"ದಪ್ಪಂದು. ನಮ್ಮಂಗ."

ಮಿಷಿನ್ ಅವರಿಗೆ ಅಷ್ಟಾಗಿ ಒಗ್ಗಲಿಲ್ಲ. ತಟ್ಟೆಯ ಸಪ್ಪಳ ಮೊಳೆ ಹೊಡೆದಂತಾಗುತ್ತದೆ, ಬಳೆಗಳು ಕೂಡ ಇಷ್ಟು ಗದ್ದಲ ಮಾಡುತ್ತವೆ ಎಂದು ಗೊತ್ತಿರಲಿಲ್ಲ ಎನ್ನುತ್ತಿದ್ದರು. ಮಗ್ಗ ನಡೆಯುವಾಗ ತೆಗೆದಿಡುತ್ತಾರೆ. ವಾರಕ್ಕೊಮ್ಮೆ ಬಿಡುವಿನ ದಿನ ಮಾತ್ರ, ಸಂಜೆ ಅಂಗಳದಲ್ಲಿ ಕುಳಿತು ಒಂದು ತಾಸು ಹಾಕಿಕೊಳ್ಳುತ್ತಾರೆ. ಆ ತಾಸಿನಲ್ಲಿ ನಾವು ವಿಶೇಷವಾಗಿ ಏನೂ ಮಾತಾಡುವುದಿಲ್ಲ. ಅವರು ಒಂದೊಂದು ಸಪ್ಪಳಕ್ಕೆ ಇದೇನು ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ಪಕ್ಕದ ಮನೆಯಲ್ಲಿ ಖಾರ ಕುಟ್ಟುವುದು. ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ್ದು. ಗಾಳಿಗೆ ತಗಡು ಅದುರಿದ್ದು.

ಹೋದ ಫಾಲ್ಗುಣದಲ್ಲಿ ಒಂದು ಸಂಜೆ ಅವರು ಗೋಡೆಯ ಕಡೆ ಬೆರಳು ತೋರಿಸಿ, ಆ ಸಣ್ಣ ಸಪ್ಪಳ ಯಾವುದು ಎಂದು ಕೇಳಿದರು. ನಾನು ಕಿವಿಗೊಟ್ಟೆ. ಏನೂ ಇರಲಿಲ್ಲ. ನಿಮ್ಮ ಒಳಗಿನದೇ ಇರಬೇಕು ಎಂದೆ. ಅಲ್ಲ, ಅದು ನನಗೆ ಗೊತ್ತು, ಇದು ಹೊರಗಿನದು ಎಂದರು. ಎದ್ದು ಹೋಗಿ ನೋಡಿದೆ. ಕರೆಂಟಿನ ಮೀಟರಿನ ಮೇಲೆ ಇಟ್ಟಿಗೆ ಬಿದ್ದುಹೋದ ಸಂದಿಯಲ್ಲಿ ಗುಬ್ಬಿಯ ಗೂಡು. ಒಳಗೆ ಮೂರು ಮರಿಗಳು ಹಳದಿ ಬಾಯಿಗಳನ್ನು ಅಗಲವಾಗಿ ತೆರೆದು, ಕುತ್ತಿಗೆ ಚಾಚಿ ಚೀರುತ್ತಿದ್ದವು. ಅವುಗಳ ಗಂಟಲು ನಡುಗುವುದು ಕಾಣುತ್ತಿತ್ತು. ನನಗೆ ಕೇಳುತ್ತಿರಲಿಲ್ಲ.

ಬಂದು ಕುಳಿತು ಗುಬ್ಬಿ ಮರಿ ಎಂದೆ. ನನ್ನ ಮುಖದಲ್ಲಿ ಅವರು ಏನು ಓದಿದರೋ, ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಮುಂದಿನ ವಾರ ವಿಜಯಪುರದ ಬಸ್ಸಿನಲ್ಲಿ ಇಬ್ಬರೂ ಹೋದೆವು, ಈ ಸಲ ನನ್ನ ಕಿವಿ ತೋರಿಸಲು. ಡಾಕ್ಟರು ಹಾಳೆಯ ಮೇಲೆ ಒಂದು ಗೆರೆ ಎಳೆದು ತೋರಿಸಿದರು. ಬಹಳ ದೂರ ನೆಟ್ಟಗೆ ಬಂದು, ಕೊನೆಯಲ್ಲಿ, ಸಣ್ಣ ತೀಕ್ಷ್ಣ ಸಪ್ಪಳಗಳ ಕಡೆ, ಸ್ವಲ್ಪ ಕೆಳಗೆ ಬಾಗಿತ್ತು. ಇಷ್ಟಕ್ಕೇ ಉಳಿಸಿಕೊಳ್ಳಬಹುದು, ಮನೆಯಲ್ಲೂ ಬಿರಡೆ ಹಾಕಿಕೊಳ್ಳಿ ಎಂದರು. ಈಗ ಮಗ್ಗ ಶುರುವಾಗುವ ಹೊತ್ತಿಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿ ತೆಗೆಯದೆ, ಎರಡು ಬೆರಳನ್ನು ತಮ್ಮ ಕಿವಿಗೆ ಮುಟ್ಟಿಸಿ ನನಗೆ ನೆನಪಿಸುತ್ತಾರೆ.